ಅಣ್ಣನ ಭಾನುವಾರ

ಬೆಟ್ಟ ಹತ್ತುವುದು ಬೇರೆ, ಬಂಡೆ ಹತ್ತುವುದು ಬೇರೆ ಎಂದು ಹುಣಸೂರಿನಲ್ಲಿ ಯಾರಿಗಾದರೂ ವಿವರಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿರುತ್ತದೆ. "ಮೇಲೆ ದೇವಸ್ಥಾನ ಐತಾ?" ಎಂದು ಕೇಳುತ್ತಾರೆ. ಇಲ್ಲ. "ಜೇನು ಗೀನು?" ಅದೂ ಇಲ್ಲ. "ಮತ್ಯಾಕೆ ಅತ್ತೀರಿ?" ಈ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಹುಡುಕಿ ಸಾಕಾಗಿ, ಕೊನೆಕೊನೆಗೆ "ಸುಮ್ನೆ ಕಣ್ರೀ" ಎಂದುಬಿಟ್ಟು ಅವರು ತಂದಿಟ್ಟ ಮೋಟಾರಿನ ಮುಚ್ಚಳ ಬಿಚ್ಚಲು ಕೂರುತ್ತಿದ್ದೆ. ನನ್ನದು ಸುಟ್ಟುಹೋದ ಪಂಪು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ವಾರದಲ್ಲಿ ಆರು ದಿನ ಬಗ್ಗಿಸಿದ ಕತ್ತನ್ನು ಭಾನುವಾರ ಒಂದು ದಿನ ಮೇಲೆತ್ತುತ್ತಿದ್ದೆ ಎಂದರೆ ಅದೇ ನಿಜವಾದ ಉತ್ತರವಾಗುತ್ತಿತ್ತೇನೋ.

ನಾವು ನಾಲ್ವರು. ಅಣ್ಣ, ಟೀಚರು, ಕೋಟೆಯವನು ಮತ್ತು ನಾನು. ಅಣ್ಣ ಎಂದರೆ ಒಡಹುಟ್ಟಿದವನಲ್ಲ. ರಾವಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವನು, ನನಗಿಂತ ಹನ್ನೊಂದು ವರ್ಷ ದೊಡ್ಡವನು, ಸುಟ್ಟ ಮೋಟಾರು ಹೊತ್ತುಕೊಂಡು ಅಂಗಡಿಗೆ ಬಂದು ಪರಿಚಯವಾದವನು. ಟೀಚರು ಕೆ.ಆರ್. ನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಹೆಂಗಸು. ಸೀಟಿ ಊದಿ ಊದಿ ಅವರ ಮಾಮೂಲಿ ಮಾತೇ ಅರ್ಧ ಮೈದಾನಕ್ಕೆ ಕೇಳಿಸುತ್ತದೆ. ಕೋಟೆಯವನು ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವನು, ಬಾಡಿಗೆ ವ್ಯಾನು ಓಡಿಸುತ್ತಾನೆ. ಮಾತು ಕಮ್ಮಿ. ಎಗ್ ಪಫ್ ಎಂದರೆ ಪ್ರಾಣ. ಐವತ್ತಡಿ ಮೇಲೆ ಒಂಟಿ ಕೈಯಲ್ಲಿ ನೇತಾಡುವ ಈ ಮಹಾಶಯ ಓತಿಕ್ಯಾತ ಕಂಡರೆ ಕಿಟಾರನೆ ಕಿರುಚುತ್ತಾನೆ.

ಭಾನುವಾರ ಬೆಳಿಗ್ಗೆ ಟೀಚರು ಬಸ್ಸಿನಲ್ಲಿ ಹುಣಸೂರಿಗೆ ಬರುತ್ತಿದ್ದರು, ಕೋಟೆಯವನು ತನ್ನ ಊರಿನಿಂದ ವ್ಯಾನು ತರುತ್ತಿದ್ದ. ಮೂವರೂ ಕಂಪಲಾಪುರದಲ್ಲಿ ಟೀ ಕುಡಿದು, ರಾವಂದೂರಿನ ದಾರಿ ಹಿಡಿದು, ಅಣ್ಣನ ಊರಿನ ಅರಳಿಕಟ್ಟೆಯ ಮುಂದೆ ನಿಲ್ಲಿಸಿದರೆ ಅವನು ಅಷ್ಟೊತ್ತಿಗೇ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿರುತ್ತಿದ್ದ. "ಏನ್ರಲಾ, ಇವತ್ತು ಬತ್ತೀರೋ ನಾಳೆ ಬತ್ತೀರೋ?" ಎಂದು ಗದರಿಯೇ ಬಾಗಿಲು ತೆಗೆಯುವುದು. ಒಂದು ಭಾನುವಾರವೂ ನಾವು ಅವನಿಗಾಗಿ ಕಾದಿದ್ದಿಲ್ಲ.

ನಮ್ಮ ಬಂಡೆ ಅವನ ಊರಿನಿಂದ ಒಂದೂವರೆ ಮೈಲಿ. ಅರವತ್ತಡಿ ಇರಬಹುದು. ಮುಂದೆ ನೆಟ್ಟಗೆ, ಹಿಂದೆ ಇಳಿಜಾರು. ಹಿಂದಿನಿಂದ ನಡೆದುಕೊಂಡೇ ನೆತ್ತಿಗೆ ಹೋಗಬಹುದು. ಅಲ್ಲಿರುವ ಬಸರಿ ಮರದ ಬುಡಕ್ಕೆ ಹಗ್ಗ ಬಳಸಿ, ಎರಡೂ ತುದಿ ಮುಂದಕ್ಕೆ ಇಳಿಬಿಡುವುದು. ಒಂದು ತುದಿ ಹತ್ತುವವನ ಸೊಂಟಕ್ಕೆ, ಇನ್ನೊಂದು ಕೆಳಗೆ ನಿಂತವನ ಕೈಗೆ. ಹತ್ತುವವನು ಜಾರಿದರೆ ಕೆಳಗಿನವನು ಹಗ್ಗ ಬಿಗಿಹಿಡಿಯುತ್ತಾನೆ. ಇಷ್ಟೇ ವಿದ್ಯೆ. ಅಣ್ಣ ಹರೆಯದಲ್ಲಿ ಯುವಕ ಸಂಘದ ಶಿಬಿರಕ್ಕೆ ಹೋಗಿ ಇದನ್ನು ಕಲಿತಿದ್ದ, ನಮ್ಮ ಮೂವರಿಗೂ ಅವನೇ ಕಲಿಸಿದ.

ಬಂಡೆ ಹತ್ತುವ ಎಲ್ಲ ಕಡೆಯೂ ಒಂದು ನಿಯಮವಿದೆ: ನಿನ್ನ ಗಂಟು ನೀನು ಹಾಕಿಕೋ, ಜೊತೆಯವನು ಅದನ್ನು ನೋಡಿ ಎಳೆದು ಪರೀಕ್ಷಿಸಲಿ. ನಮ್ಮಲ್ಲಿ ಹಾಗಿರಲಿಲ್ಲ. ಎಲ್ಲರ ಸೊಂಟದ ಗಂಟನ್ನೂ ಅಣ್ಣನೇ ಹಾಕುತ್ತಿದ್ದ. ಅದು ಎಂಟರ ಅಂಕಿಯ ಹಾಗೆ ಸುತ್ತಿ ಅದೇ ದಾರಿಯಲ್ಲಿ ಹಿಂದಿರುಗುವ ಗಂಟು. ಹಾಕಿ, ಎರಡು ಸಲ ಜಗ್ಗಿ, ಬೆನ್ನಿಗೊಂದು ಏಟು ಕೊಟ್ಟು "ಓಗ್ಲಾ" ಎನ್ನುತ್ತಿದ್ದ. ಆ ಏಟು ಬೀಳದೆ ಕಾಲು ಮೇಲಕ್ಕೆ ಏಳುತ್ತಿರಲಿಲ್ಲ. ಅವನ ಗಂಟನ್ನು ಇನ್ನೊಬ್ಬರು ಪರೀಕ್ಷಿಸುವುದೆಂದರೆ ಅವನ ಮನೆಯಲ್ಲಿ ಉಣ್ಣಲು ಕೂತು ಅನ್ನ ಮೂಸಿ ನೋಡಿದಂತೆ ಎಂದು ನಾವು ಭಾವಿಸಿದ್ದೆವು. ಈಗ ಬರೆಯುವಾಗ ಎಷ್ಟು ದಡ್ಡತನ ಎನ್ನಿಸುತ್ತದೆ. ಆಗ ಅದೇ ಪ್ರೀತಿ ಎನ್ನಿಸಿತ್ತು.

ವರ್ಷಕ್ಕೊಮ್ಮೆ ದೂರ ಹೋಗುತ್ತಿದ್ದೆವು. ರಾಮನಗರಕ್ಕೆ ಎಷ್ಟೋ ಸಲ, ಬಾದಾಮಿಗೆ ಒಂದು ಸಲ. ಬಾದಾಮಿಗೆ ಹೊರಟಾಗ ಅಣ್ಣ ಐದು ಸೇರು ರಾಗಿಹಿಟ್ಟು ಮತ್ತು ಮುದ್ದೆ ತೊಳಸುವ ಕೋಲು ತಂದಿದ್ದ. "ಮೂರ್ ದಿನ ಜೋಳದ ರೊಟ್ಟಿ ತಿಂದ್ರೆ ನಾನ್ ಬಂಡೆ ಅತ್ತಲ್ಲ, ಬಂಡೆನೇ ನನ್ ಮೇಲೆ ಅತ್ತುತ್ತೆ" ಎಂದ. ಟೀಚರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿನ ಕೆಂಪು ಕಲ್ಲಿನ ಬುಡದಲ್ಲಿ ಮೂರು ಕಲ್ಲು ಹೂಡಿ ನಿಜವಾಗಿಯೂ ಮುದ್ದೆ ಮಾಡಿದ, ಕೋಲು ಹಿಡಿದು ಬೆವರಿಳಿಸಿಕೊಂಡು. ವಾಪಸ್ಸು ಬರುವಾಗ ದಾರಿಯಲ್ಲಿ ಟೀಗೆ ಇಳಿದಿದ್ದೆವು. ನಾವು ಹಣ ಕೊಟ್ಟು ಬರುವಷ್ಟರಲ್ಲಿ ಅಣ್ಣ ಇಲ್ಲ. ನೋಡಿದರೆ ಯಾರದೋ ಮದುವೆಗೆ ಹೊರಟ ವ್ಯಾನಿನಲ್ಲಿ, ಜರಿ ಸೀರೆಯ ಹೆಂಗಸರ ನಡುವೆ ಗಂಭೀರವಾಗಿ ಕೂತಿದ್ದಾನೆ. ಆ ವ್ಯಾನಿನ ಬಣ್ಣ ನೀಲಿ, ನಮ್ಮದು ಬಿಳಿ. "ಮದುವೆ ಊಟ ಬಿಟ್ಟು ಬಂದ್ಯಲ್ಲಣ್ಣ" ಎಂದು ಒಂದು ತಿಂಗಳು ಆಡಿಕೊಂಡೆವು. ಅವನೂ ನಕ್ಕ. ಆದರೆ ಇಳಿದು ಬಂದವನು ನಮ್ಮ ವ್ಯಾನಿನ ಬಾಗಿಲಿಗೆ ಕೈಯಿಟ್ಟು ಒಂದು ಗಳಿಗೆ ನಿಂತಿದ್ದ, ಹತ್ತಲೋ ಬೇಡವೋ ಎನ್ನುವ ಹಾಗೆ. ಅದನ್ನು ನಾನು ನೋಡಿದ್ದೆ, ನೋಡಿ ಮರೆತಿದ್ದೆ.

ಅದಾದ ಮೇಲಿನ ಮಾಗಿಯಲ್ಲಿ ಒಂದು ಭಾನುವಾರ ಅಣ್ಣ ಎಂದಿನಂತೆ ನನ್ನ ಸೊಂಟಕ್ಕೆ ಗಂಟು ಹಾಕಿದ, ಜಗ್ಗಿದ, ಬೆನ್ನಿಗೆ ಬಡಿದ. ನಾನು ಹತ್ತಿದೆ. ಎರಡಾಳೆತ್ತರದಲ್ಲಿ ಪಾದ ಊರುವಷ್ಟು ಒಂದು ಅಂಚಿದೆ. ಅಲ್ಲಿ ನಿಂತು ಬೆವರಿಗೆ ಜಾರದಂತೆ ಕೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳಲು ಬಗ್ಗಿದಾಗ ಗಂಟು ಕಣ್ಣಿಗೆ ಬಿತ್ತು. ಅದು ಎಂಟರ ಗಂಟಾಗಿರಲಿಲ್ಲ.

ಹೊಗೆಸೊಪ್ಪು ಬೆಳೆಯುವ ಮನೆಯವರಿಗೆ ಆ ಗಂಟು ಗೊತ್ತು. ಹಸಿ ಎಲೆಗಳನ್ನು ದಾರದಿಂದ ಕಡ್ಡಿಗೆ ಪೋಣಿಸಿ, ಬೇಯಿಸುವ ಬ್ಯಾರನ್ ಎಂಬ ಬಿಸಿಮನೆಯೊಳಗೆ ತೂಗುಹಾಕುತ್ತಾರೆ. ಕಡ್ಡಿಯ ತುದಿಗೆ ಹಾಕುವ ಗಂಟು ಭಾರಕ್ಕೆ ಜಾರಬಾರದು, ಆದರೆ ಎಲೆ ಬೆಂದು ಹೊರಬಂದ ಮೇಲೆ ತುದಿ ಹಿಡಿದು ಒಮ್ಮೆ ಎಳೆದರೆ ಇಡೀ ಕಡ್ಡಿ ಬಿಚ್ಚಿಕೊಳ್ಳಬೇಕು. ಅಣ್ಣನ ಕೈಗಳು ಏಳನೇ ವಯಸ್ಸಿನಿಂದ ಆ ಗಂಟನ್ನು ಲಕ್ಷಗಟ್ಟಲೆ ಹಾಕಿದ್ದವು. ಬಂಡೆಯ ಗಂಟು ಆಮೇಲೆ ಕಲಿತದ್ದು. ಆಮೇಲೆ ಕಲಿತದ್ದು ಮೊದಲು ಹೋಗಿತ್ತು. ನನ್ನ ಸೊಂಟದಿಂದ ಹಗ್ಗದ ತುದಿ ಸಡಿಲವಾಗಿ ಇಳಿಬಿದ್ದಿತ್ತು. ಮೊಣಕಾಲು ಅದಕ್ಕೆ ಸಿಕ್ಕಿ ಎಳೆದಿದ್ದರೆ ಅಷ್ಟೇ.

ಬಲಗೈಯಲ್ಲಿ ಬಂಡೆಯ ಬಿರುಕು ಹಿಡಿದು, ಎಡಗೈ ಮತ್ತು ಹಲ್ಲಿನಿಂದ ಗಂಟು ಬಿಚ್ಚಿ ಮತ್ತೆ ಹಾಕಿಕೊಂಡೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇಳಿಸು ಎಂದು ಕೂಗಿದೆ. ಅಣ್ಣ ಜೋಪಾನವಾಗಿ ಇಳಿಸಿದ.

"ಏನ್ಲಾ, ಇಷ್ಟ್ ಬೇಗ ಎದ್ರುಬುಟ್ಟೆ? ಎಂಡ್ರು ಬಯ್ದವ್ಳಾ?"

ನಾನು ನಕ್ಕೆ. ಹೇಳಬೇಕಾಗಿದ್ದದ್ದು ಆಗಲೇ. ಅಣ್ಣ, ನೋಡು, ನೀನು ಹಾಕಿದ ಗಂಟು ಇದು ಎಂದು. ಬಾಯಿ ಬರಲಿಲ್ಲ. ಅವತ್ತು ಸಂಜೆ ಕಂಪಲಾಪುರದಲ್ಲಿ ಉಳಿದಿಬ್ಬರಿಗೆ ಹೇಳಿದೆ. ಕೋಟೆಯವನು ತಿನ್ನುತ್ತಿದ್ದ ಪಫ್ಪನ್ನು ಕೆಳಗಿಟ್ಟ. ಟೀಚರು, "ಇದನ್ನ ಅಣ್ಣಂಗೆ ಹೇಳ್ಬೇಕು. ಅವರ ಮನೆಯೋರಿಗೂ ಹೇಳ್ಬೇಕು" ಎಂದರು. ನೋಡೋಣ, ಒಂದು ಸಲದ್ದಿರಬಹುದು ಎಂದೆ ನಾನು.

ಒಂದು ಸಲದ್ದಾಗಿರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಮೂರಕ್ಕೊಂದು ಸಲ ಅವನ ಕೈ ಕಡ್ಡಿಯ ಗಂಟನ್ನೇ ಹಾಕುತ್ತಿತ್ತು. ನಾವೊಂದು ನಾಟಕ ಕಲಿತೆವು. ಅಣ್ಣ ಗಂಟು ಹಾಕಿ ಬೆನ್ನಿಗೆ ಬಡಿದ ಮೇಲೆ, "ತಡಿ ಅಣ್ಣ, ಒಂದಕ್ಕೆ ಓಗ್ಬುಟ್ಟು ಬತ್ತೀನಿ" ಎಂದು ಹಗ್ಗದ ತುದಿ ಎಳೆದುಕೊಂಡೇ ಬಂಡೆಯ ಮರೆಗೆ ಹೋಗಿ ಸರಿಮಾಡಿಕೊಂಡು ಬರುವುದು. "ಏನ್ಲಾ ನಿಮಗೆಲ್ಲ ಸಕ್ಕರೆ ಕಾಯ್ಲೆ ಸುರುವಾತಾ?" ಎಂದು ಅವನು ಗೊಣಗುತ್ತಿದ್ದ. ಟೀಚರಿಗೆ ಆ ನೆಪವೂ ಹೇಳಲು ಬಾರದೆ, ಶೂ ದಾರ ಕಟ್ಟುವವರಂತೆ ಬಗ್ಗಿ ಕೂತು ಗಂಟು ಸರಿಮಾಡಿಕೊಳ್ಳುತ್ತಿದ್ದರು. ನಾಚಿಕೆಗೆ ಅವರ ಕಿವಿ ಕೆಂಪಾಗಿರುತ್ತಿತ್ತು.

ನಾಲ್ಕು ತಿಂಗಳು ಹೀಗೆ ಸಾಗಿತು. ಒಂದು ಬೆಳಿಗ್ಗೆ ಟೀಚರು ನಲವತ್ತಡಿ ಮೇಲಿದ್ದರು, ಹಗ್ಗ ಅಣ್ಣನ ಕೈಯಲ್ಲಿತ್ತು. ಆಚೆ ಬದುವಿನ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅವನ ಊರಿನ ಮುದುಕರೊಬ್ಬರು "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದರು. ಅಣ್ಣ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಹಗ್ಗ ಬಿಟ್ಟು. ಕೋಟೆಯವನು ಹಾರಿ ಬಂದು ಹಗ್ಗ ಹಿಡಿದುಕೊಂಡ. ಮೇಲಿದ್ದ ಟೀಚರು ಜಾರಲಿಲ್ಲ, ಅವರಿಗೆ ಆಗ ಏನೂ ಗೊತ್ತಾಗಲೂ ಇಲ್ಲ. ಹಾರುವಾಗ ಕಲ್ಲಿಗೆ ಉಜ್ಜಿ ಕೋಟೆಯವನ ಅಂಗೈ ಮಾತ್ರ ಕಿತ್ತುಹೋಗಿತ್ತು. ಅಣ್ಣ ಆ ಕೈ ನೋಡಿ, "ಅಯ್ಯೋ, ಎಲ್ಲಿ ಗಾಯ ಮಾಡ್ಕಂಡ್ಲಾ?" ಎಂದು ತನ್ನ ಟವೆಲ್ಲು ಹರಿದು ಸುತ್ತಿದ.

ಇನ್ನು ಆಗದು ಎಂದು ತೀರ್ಮಾನವಾಯಿತು. ಹೇಳುವುದು ಹೇಗೆ ಎನ್ನುವುದೊಂದೇ ಉಳಿದದ್ದು. ಟೀಚರು ನೇರ ಹೇಳೋಣ ಎಂದರು. ನಾನು ಬೇಡ ಎಂದೆ. ಅವನಿಗೆ ಇರುವುದೇ ಇದೊಂದು, ನೀನು ಕೈಲಾಗದವನು ಎಂದು ಮುಖಕ್ಕೆ ಹೇಗೆ ಹೇಳುವುದು, ಕುಸಿದುಹೋಗುತ್ತಾನೆ ಎಂದೆಲ್ಲ ವಾದ ಹೂಡಿದೆ.

"ಅಣ್ಣಂಗೆ ಎರಡು ಮಾತು ಹೇಳೋ ಧೈರ್ಯ ಇಲ್ದೇ ಇದ್ರೆ, ನೀವು ಅರವತ್ತಡಿ ಕಲ್ಲು ಹತ್ತಿ ಏನ್ ಕಿಸಿದ ಹಾಗಾಯ್ತು?" ಎಂದು ಟೀಚರು ರೇಗಿದರು.

ನಾನೂ ರೇಗಿದೆ. ಕೊನೆಗೆ ನನ್ನ ಹಟವೇ ಗೆದ್ದಿತು. ಒಬ್ಬನೇ ಅಣ್ಣನ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಅತ್ತಿಗೆ ಕೊಟ್ಟ ಮಜ್ಜಿಗೆ ಕುಡಿದು, ಹಗ್ಗ ಹಳೆಯದಾಯಿತು ಅಣ್ಣ, ನಂಬುವ ಹಾಗಿಲ್ಲ, ನಮಗೂ ವಯಸ್ಸಾಯಿತು, ಹತ್ತುವುದು ನಿಲ್ಲಿಸಿಬಿಡೋಣ ಎಂದು ಮೂವರೂ ಅಂದುಕೊಂಡಿದ್ದೇವೆ ಎಂದೆ. ಅಣ್ಣ ನನ್ನ ಕಡೆ ತಿರುಗಿದ.

"ನಾಲ್ಕೂ ಜನವೂವೆ ನಿಲ್ಸಾದಾ?"

"ಊಂ ಅಣ್ಣ. ನಾಲ್ಕೂ ಜನ."

"ಸರಿ ಬುಡು. ಅಂಗಾರೆ ಆ ಅಗ್ಗ ನಂಗೆ ಕೊಡ್ಲಾ. ಎಸೀಬ್ಯಾಡ."

ಕೊಟ್ಟೆ. ಎರಡೇ ವಾರಕ್ಕೆ ಬೇರೆ ಹಗ್ಗ ತರಿಸಿಕೊಂಡೆವು. ಹೌದು, ನಾವು ಹತ್ತುವುದನ್ನು ನಿಲ್ಲಿಸಲಿಲ್ಲ. ಅಣ್ಣನಿಲ್ಲದೆ, ಅಣ್ಣನ ಬಂಡೆಗೇ, ಕಳ್ಳರ ಹಾಗೆ ಹೋಗತೊಡಗಿದೆವು. ಅವನ ಊರಿನವರ ಕಣ್ಣಿಗೆ ಬೀಳಬಾರದೆಂದು ಐದು ಮೈಲಿ ಸುತ್ತು ಹಾಕಿ ವ್ಯಾನನ್ನು ಬಂಡೆಯ ಹಿಂದಿನ ತೋಪಿನಲ್ಲಿ ನಿಲ್ಲಿಸುತ್ತಿದ್ದೆವು. ಟೀಚರು ಬರುವುದಿಲ್ಲ ಎಂದು ಎರಡು ವಾರ ತಡೆದುಕೊಂಡರು, ಮೂರನೇ ವಾರ ಬಂದರು. ಈ ಹುಚ್ಚು ಅಂಥದು.

ಮಧ್ಯೆ ಮಧ್ಯೆ ಅಣ್ಣನ ಫೋನು ಬರುತ್ತಿತ್ತು. "ಏನ್ಲಾ, ಈ ವಾರ ಎಷ್ಟೊತ್ತಿಗ್ ಬತ್ತೀರಿ?" ಹಗ್ಗ ಹಳೆಯದಾಯಿತಲ್ಲಣ್ಣ, ನಿಲ್ಲಿಸಿದೆವಲ್ಲ ಎಂದು ನಾನು ಮತ್ತೆ ಹೇಳಬೇಕು. ಅವನು ಅದನ್ನು ಆಗಷ್ಟೇ ಕೇಳಿದವನಂತೆ "ನಾಲ್ಕೂ ಜನವಾ?" ಎನ್ನುತ್ತಿದ್ದ. ಆರೇಳು ಸಲವಾದರೂ ಅವನಿಗೆ ಈ ದುಃಖವನ್ನು ಹೊಸದಾಗಿ ಕೊಟ್ಟಿದ್ದೇನೆ. ನಿಜ ಹೇಳಿದ್ದರೂ ಮರೆಯುತ್ತಿದ್ದ, ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಆಗ ನಮ್ಮ ನಡುವೆ ಇರುತ್ತಿದ್ದದ್ದು ನಿಜ.

ಶ್ರಾವಣ ಕಳೆದು ಬಿಸಿಲು ಬಂದ ಒಂದು ಭಾನುವಾರ. ಹಿಂದಿನ ಇಳಿಜಾರಿನಿಂದ ನೆತ್ತಿಗೆ ಹೋಗಿ, ಬಸರಿ ಮರಕ್ಕೆ ಹಗ್ಗ ಬಳಸಿ, ಇನ್ನೇನು ಮುಂದಕ್ಕೆ ಎಸೆಯಬೇಕು, ಕೋಟೆಯವನು ನನ್ನ ತೋಳು ಹಿಡಿದ. ಕೆಳಗೆ ಅಣ್ಣ ಬರುತ್ತಿದ್ದ. ಒಬ್ಬನೇ. ಹೆಗಲಲ್ಲಿ ಹಳೆಯ ಹಗ್ಗ.

ನಾವು ಮೂವರೂ ಬೋರಲು ಮಲಗಿದೆವು. ಯಾರೂ ಯಾರಿಗೂ ಹೇಳಲಿಲ್ಲ. ಮೂವರು ದೊಡ್ಡ ಮನುಷ್ಯರು ತಾವಾಗಿಯೇ ಬಂಡೆಗೆ ಎದೆ ಒತ್ತಿ ಮಲಗಿ ಅಂಚಿನಿಂದ ಇಣುಕಿದೆವು. ಕಲ್ಲು ಆಗಲೇ ಕಾದಿತ್ತು. ಅಣ್ಣ ಚೀಲ ಕೆಳಗಿಟ್ಟ. ಮಚ್ಚು ತೆಗೆದು, ಬುಡದಲ್ಲಿ ಬೆಳೆದಿದ್ದ ಲಂಟಾನ ಸವರಿದ, ಯಾವಾಗಲೂ ಸವರುತ್ತಿದ್ದ ಹಾಗೆ. ಹತ್ತುವವರು ಕಾಲಿಡುವ ಕಡೆ ಉದುರಿದ್ದ ಎಲೆಗಳನ್ನು ಸೊಪ್ಪಿನ ಬರಲಿನಿಂದ ಗುಡಿಸಿದ. ಆಮೇಲೆ ಸೊಂಟದ ಪಟ್ಟಿ ಕಟ್ಟಿಕೊಂಡು, ಹಗ್ಗದ ಸುರುಳಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ನಾವು ಬರುವ ದಾರಿಯ ಕಡೆ ಮುಖ ಮಾಡಿ ಕೂತ. ಇಪ್ಪತ್ತು ನಿಮಿಷ ಕೂತಿದ್ದ. ಆಮೇಲೆ ಜೇಬಿನಿಂದ ಫೋನು ತೆಗೆದ.

ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಶಬ್ದ ಮಾಡದಂತೆ ಇಟ್ಟಿದ್ದೆ, ಪುಣ್ಯಕ್ಕೆ. ಪುಣ್ಯವೋ ಪಾಪವೋ. ಎತ್ತಲೇಬೇಡಿ ಎಂದು ಟೀಚರು ಕೈಸನ್ನೆ ಮಾಡಿದರು. ಎತ್ತದಿದ್ದರೆ ಅವನು ಮತ್ತಷ್ಟು ಹೊತ್ತು ಕಾಯುತ್ತಾನೆ, ಇಲ್ಲವೇ ಒಬ್ಬನೇ ಹತ್ತಿಬಿಡುತ್ತಾನೆ ಎಂಬ ಭಯಕ್ಕೆ ಎತ್ತಿದೆ. ಅಂಚಿನಿಂದ ಹಿಂದಕ್ಕೆ ತೆವಳಿ, ಬಾಯಿಗೆ ಕೈ ಅಡ್ಡ ಹಿಡಿದು, ಹಲೋ ಎಂದೆ.

"ಎಲ್ಲಿದ್ದೀರ್ಲಾ? ನಾನ್ ಕಲ್ ತಾವ ಬಂದು ಕೂತಿವ್ನಿ ಕಣ್ಲಾ."

ಅವನ ಮಾತು ಎರಡೆರಡು ಸಲ ಕೇಳಿಸುತ್ತಿತ್ತು. ಕೆಳಗಿನಿಂದ ಒಮ್ಮೆ, ಫೋನಿನಿಂದ ಇನ್ನೊಮ್ಮೆ. ಹಗ್ಗದ ಕಥೆಯನ್ನು ಮತ್ತೆ ಹೇಳಬೇಕಿತ್ತು. ಹೇಳಿದರೆ ಅವನು "ಅಗ್ಗ ನನ್ ತಾವ ಚೆನ್ನಾಗೇ ಐತಲ್ಲ" ಎನ್ನುತ್ತಾನೆ, ಮಾತು ಬೆಳೆಯುತ್ತದೆ, ನನ್ನ ದನಿ ಕೆಳಗೆ ಕೇಳುತ್ತದೆ. ಬೇಗ ಮುಗಿಯಬೇಕಿತ್ತು ನನಗೆ.

"ಅಂಗಡೀಲಿ ಇದ್ದೀನಣ್ಣ. ಕೆಲ್ಸ ಐತೆ."

"ಅಂಗ್ಡೀಲಾ? ಬಾನುವಾರ ಅಲ್ವೇನ್ಲಾ ಇವತ್ತು?"

"ಅಲ್ಲಣ್ಣ. ಸೋಮವಾರ."

ಎಷ್ಟು ಸಲೀಸಾಗಿ ಬಂತು ಆ ಮಾತು. ಯೋಚಿಸಿ ಹೇಳಿದ್ದಲ್ಲ. ಯೋಚಿಸಿದ್ದರೂ ಅದಕ್ಕಿಂತ ಪಕ್ಕಾ ಸುಳ್ಳು ಸಿಗುತ್ತಿರಲಿಲ್ಲ. ನಾನು ಮತ್ತೆ ಅಂಚಿಗೆ ತೆವಳಿ ನೋಡಿದೆ. ಅಣ್ಣ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದ. ಎರಡು ಸಲ ಮಡಚಿದ.

"ಸೋಮವಾರನಾ? ನಾನು ಬಾನುವಾರ ಅಂತಿದ್ದೆ ಕಣ್ಲಾ. ಸಂತೆ ಲೆಕ್ಕ ಇಡ್ಕಂಡು ಸರಿಯಾಗೇ ಎಣಿಸ್ಕಂಡ್ ಬಂದೆ." ಸ್ವಲ್ಪ ನಕ್ಕ. "ತಲೆ ಕೆಟ್ಟೋಗೈತೆ ನಂದು. ಸರಿ ಬುಡು. ನೀನು ಕೆಲ್ಸ ನೋಡ್ಕೊ."

ಸೊಂಟದ ಪಟ್ಟಿ ಬಿಚ್ಚಿದ. ಹಗ್ಗವನ್ನು ಮೊಣಕೈಗೆ ಸುತ್ತಿ ಸುರುಳಿ ಮಾಡಿದ, ಅಚ್ಚುಕಟ್ಟಾಗಿ. ಬಂದ ದಾರಿಯಲ್ಲೇ ಹೋದ. ಹೋಗುವಾಗ ಒಂದು ಕಡೆ ನಿಂತು ಮತ್ತೆ ಬೆರಳು ಎಣಿಸಿದ್ದನ್ನು ಮೂವರೂ ನೋಡಿದೆವು.

ಅವನು ಕಣ್ಮರೆಯಾದ. ಕೋಟೆಯವನು ಮೊದಲು ಮಾತಾಡಿದ. ಬೈಯಲಿಲ್ಲ, ಸುಮ್ಮನೆ ಹೇಳಿದ.

"ಅಣ್ಣಂಗೆ ವಾರ ಸರಿಯಾಗೇ ನೆಪ್ಪಿತ್ತಲ್ಲ."

ಟೀಚರು ಎದ್ದು ಮರದಿಂದ ಹಗ್ಗ ತೆಗೆದರು. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹಗ್ಗವನ್ನು ನನ್ನ ಕಾಲಬಳಿ ಇಟ್ಟು ಹೋದರು. ಅದೇ ಕೊನೆ. ನಾವು ಮೂವರೂ ಆಮೇಲೆ ಒಟ್ಟಿಗೆ ಹತ್ತಲಿಲ್ಲ. ನಾಲ್ಕೂ ಜನ ನಿಲ್ಲಿಸಿದ್ದೇವೆ ಎಂದು ನಾನು ಹೇಳಿದ್ದ ಸುಳ್ಳು ಆ ದಿನದಿಂದ ನಿಜವಾಯಿತು.

ಒಂದೆರಡು ತಿಂಗಳ ನಂತರ ಅತ್ತಿಗೆ ಮೋಟಾರು ರಿಪೇರಿಗೆಂದು ಅಂಗಡಿಗೆ ಬಂದಿದ್ದರು. ಅಣ್ಣನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾಗಿತ್ತು, ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾಗಿತ್ತು. ವಯಸ್ಸು ಐವತ್ತೈದೂ ಆಗಿರಲಿಲ್ಲ. ಅತ್ತಿಗೆ ಅಳುವವರಲ್ಲ. ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಊಟ ತಿಂಡಿ ಎಲ್ಲಾ ಮಾಡ್ತಾರೆ ಕಣಪ್ಪ. ಒಂದೇ ಕಾಟ. ದಿನಕ್ಕೆ ಇಪ್ಪತ್ತು ಸಲ ಇವತ್ತು ಯಾವ್ ವಾರ ಅಂತ ಕೇಳ್ತಾರೆ. ಮೊದ್ಲು ಇಂಗಿರ್ನಿಲ್ಲ. ಎಲ್ಲಾ ಮರ್ತ್ರೂ ವಾರ ಒಂದು ಮರೀತಿರ್ನಿಲ್ಲ, ಬಾನುವಾರ ಬಂತು ಅಂದ್ರೆ ತಾವಾಗೇ ಎದ್ದು ಸ್ನಾನ ಮಾಡೋರು. ಒಂದಿನ ಎಲ್ಗೋ ಓಗಿದ್ದು ಬಂದ್ರು ನೋಡು, ಅವತ್ತಿಂದ ಸುರುವಾತು. ಕ್ಯಾಲೆಂಡ್ರು ತಂದು ಕಣ್ ಮುಂದ್ಗಡೆನೇ ನೇತಾಕಿದೀನಿ. ಅದ್ನ ನೋಡ್ತಾರೆ, ಆಮೇಲೆ ಇದು ಸರೀಗೈತಾ ಅಂತ ನನ್ನೇ ಕೇಳ್ತಾರೆ."

ನಾನು ತಂತಿ ಸುತ್ತುತ್ತಲೇ ಇದ್ದೆ. ಎಷ್ಟು ಸುತ್ತಾಯಿತು ಎನ್ನುವುದು ತಪ್ಪಿಹೋಯಿತು, ಬಿಚ್ಚಿ ಮೊದಲಿನಿಂದ ಸುತ್ತಿದೆ. ಅಲ್ಲೇ ಹೇಳಬಹುದಿತ್ತು, ಅತ್ತಿಗೆ, ಅವತ್ತು ಭಾನುವಾರವೇ ಆಗಿತ್ತು ಎಂದು. ಹೇಳಲಿಲ್ಲ. ಅಣ್ಣನಿಗೇ ಹೇಳುತ್ತೇನೆ ಎಂದುಕೊಂಡೆ. ಅವನಿಗೆ ತಲೆಯೊಳಗೆ ಹಿಡಿದುಕೊಳ್ಳಲು ಒಂದು ಗೂಟ ಉಳಿದಿತ್ತು, ವಾರದ ಗೂಟ. ಅದನ್ನು ಕಿತ್ತವನು ನಾನು. ಹೋಗಿ, ಅಣ್ಣ, ನೀನು ಸರಿ, ನಾನು ಸುಳ್ಳು ಹೇಳಿದೆ ಎಂದರೆ ಆ ಗೂಟ ಮತ್ತೆ ನಿಲ್ಲಬಹುದಿತ್ತೇನೋ. ಬೇಗ ಹೇಳಬೇಕಿತ್ತು, ಅವನಿಗೆ ಅರ್ಥವಾಗುವಾಗಲೇ.

ಬೇಗ ಹೇಳಲಿಲ್ಲ. ಸೊಪ್ಪು ಬೇಯಿಸುವ ಕಾಲ, ಅವರಿಗೆ ಪುರುಸೊತ್ತಿರುವುದಿಲ್ಲ ಎಂದುಕೊಂಡೆ. ಆಮೇಲೆ ಬೇಸಿಗೆ, ಮೋಟಾರುಗಳು ಸುಡುವ ಕಾಲ, ನನಗೆ ಪುರುಸೊತ್ತಿಲ್ಲ. ಎರಡು ಸಲ ಅವನ ಮನೆಗೆ ಹೋದೆ. "ಬಾರ್ಲಾ" ಎಂದು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. ಆ ಕೈ ಬಿಡಿಸಿಕೊಂಡು ಹೇಳಲಾರದೆ, ಕಾಫಿ ಕುಡಿದು ಎದ್ದು ಬಂದೆ. ಅವನು ನನ್ನ ಮೇಲೆ ರೇಗುತ್ತಾನೆ ಎಂಬ ಹೆದರಿಕೆಯಲ್ಲ. ನನ್ನನ್ನು ಒಳ್ಳೆಯವನು ಎಂದುಕೊಂಡಿದ್ದನಲ್ಲ, ಅದು ಹೋಗುತ್ತದೆ ಎಂಬ ಹೆದರಿಕೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ಮೊನ್ನೆ ಆಷಾಢದಲ್ಲಿ ಅತ್ತಿಗೆ ಫೋನು ಮಾಡಿ, ಮೈಸೂರಿಗೆ ಡಾಕ್ಟರ ಹತ್ತಿರ ಹೋಗಬೇಕು, ಬಸ್ಸಿನಲ್ಲಿ ಅವರನ್ನು ಹಿಡಿದುಕೊಳ್ಳಲು ಆಗುವುದಿಲ್ಲ ಎಂದರು. ಕೋಟೆಯವನ ವ್ಯಾನು ಬೇರೆ ಬಾಡಿಗೆಗೆ ಹೋಗಿತ್ತು. ನನ್ನ ಹಳೆಯ ಕಾರನ್ನೇ ತೆಗೆದುಕೊಂಡು ಹೋದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಮೈ ಇಳಿದಿತ್ತು. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಾಗ ಅದನ್ನು ಎರಡು ಸಲ ಜಗ್ಗಿ ನೋಡಿದ. ಅತ್ತಿಗೆ ಹಿಂದೆ ಕೂತರು, ಹಿಂದಿನ ರಾತ್ರಿ ನಿದ್ದೆಯಿಲ್ಲದ್ದಕ್ಕೆ ಕಂಪಲಾಪುರ ಬರುವ ಮೊದಲೇ ಕತ್ತು ವಾಲಿಸಿದರು.

ಹುಣಸೂರು ದಾಟಿದ ಮೇಲೆ ಅಣ್ಣ ನನ್ನ ಕಡೆ ತಿರುಗಿ ಸಂಕೋಚದಿಂದ ಕೇಳಿದ. "ತಮ್ದು ಹುಣಸೂರೇನಾ?"

ಹೌದು ಎಂದೆ. "ಒಳ್ಳೆ ಊರು" ಎಂದ. ಹೆಚ್ಚು ಮಾತು ಬೆಳೆಸಬಾರದೆಂಬ ಮರ್ಯಾದೆಯಲ್ಲಿ ಕೈ ಕಟ್ಟಿಕೊಂಡು ರಸ್ತೆ ನೋಡತೊಡಗಿದ.

ಸ್ವಲ್ಪ ದೂರ ನನಗೆ ರಸ್ತೆ ಸರಿಯಾಗಿ ಕಾಣಲಿಲ್ಲ. ಒಂದು ಲಾರಿಯನ್ನು ಮುಂದೆ ಬಿಟ್ಟು ನಿಧಾನ ಮಾಡಿದೆ. ಆಮೇಲೆ ಹೇಳಲು ಶುರು ಮಾಡಿದೆ. ಎಲ್ಲವನ್ನೂ. ನಾಲ್ಕು ಜನ ಗೆಳೆಯರಿದ್ದರು, ಒಂದು ಬಂಡೆಯಿತ್ತು, ದೊಡ್ಡವನು ಎಲ್ಲರಿಗೂ ಗಂಟು ಹಾಕುತ್ತಿದ್ದ ಎಂಬಲ್ಲಿಂದ ಹಿಡಿದು, ಮೂವರು ಬೋರಲು ಮಲಗಿದ್ದು, ಫೋನು ಬಂದದ್ದು, ಸೋಮವಾರ ಎಂದದ್ದು. ನಾನು, ನೀನು ಎಂದು ಹೇಳಲು ಆಗಲಿಲ್ಲ. ಒಬ್ಬ, ಇನ್ನೊಬ್ಬ ಎಂದು ಹೇಳಿದೆ. ಈಗ ಹೇಳುವುದು ಸುಲಭ ಎಂದೇ ಹೇಳಿದೆ, ಅದನ್ನೂ ಬಚ್ಚಿಡುವುದಿಲ್ಲ. ಯಾವ ಮುಖಕ್ಕೆ ಹೆದರಿ ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆನೋ ಆ ಮುಖ ಈಗ ನನ್ನ ಗುರುತು ಹಿಡಿಯುತ್ತಿರಲಿಲ್ಲ.

ಅಣ್ಣ ಗಮನವಿಟ್ಟು ಕೇಳಿದ. ನಡುವೆ ಒಂದೆರಡು ಸಲ "ಊಂ" ಎಂದ. ನಾನು ನಿಲ್ಲಿಸಿದ ಮೇಲೆ ಕೇಳಿದ.

"ಆವಯ್ಯಂಗೆ ಆಮ್ಯಾಕೆ ಹೇಳಿದ್ರಾ?"

"ಇಲ್ಲ."

"ಹೇಳ್ಬುಡಿ" ಎಂದ. "ಅವತ್ತು ಬಾನುವಾರನೇ ಇತ್ತು ಅಂತ ಒಂದ್ ಮಾತು ಹೇಳ್ಬುಡಿ ಪಾಪ. ತನ್ ತಲೆನೇ ಕೆಟ್ಟೋಗೈತೆ ಅಂದ್ಕಂಡು ಕೂತಿರ್ತಾನೆ."

ಹೇಳುತ್ತೇನೆ ಎಂದೆ. ಸರಿ ಎಂದು ತಲೆಯಾಡಿಸಿ ಅವನು ಕಿಟಕಿಯ ಕಡೆ ತಿರುಗಿಕೊಂಡ. ಬಿಳಿಕೆರೆ ಬಂದಿತ್ತು, ಹಿಂದಿನ ಸೀಟಿನಲ್ಲಿ ಅತ್ತಿಗೆ ಇನ್ನೂ ನಿದ್ದೆ ಮಾಡುತ್ತಿದ್ದರು.